ಬಣ್ಣ ತೆಗೆಯೋ ನೀರು ಮತ್ತು ಗಮ್‌ಬೂಟಿನ ಕಪಾಟು

ಅಂಗಡಿ ಇಟ್ಟುಕೊಂಡವರಿಗೆ ನಗುವುದಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತದೆ, ಬಾಗಿಲು ತೆಗೆದು ಕೂತರೆ ಸಾಕು. ನನಗೆ ಮಾತ್ರ ಒಂದು ಇಡೀ ಬೇಸಿಗೆ ಒಂದೇ ಸಾಮಾನಿನಿಂದ ಸಿಕ್ಕಿತು. ಅದು ಉಗುರಿನ ಬಣ್ಣ ತೆಗೆಯುವ ರಿಮೂವರ್. ನಮ್ಮ ಗಿರಾಕಿಗಳು ಅದಕ್ಕೆ ‘ತೆಗೆಯೋ ನೀರು’ ಅನ್ನುತ್ತಾರೆ. ಏನನ್ನು ತೆಗೆಯೋದು ಎಂದು ಕೇಳಿದರೆ ಅತ್ತಿತ್ತ ನೋಡಿ ಬೆರಳು ಮುಂದೆ ಮಾಡುತ್ತಾರೆ.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಅಂಗಡಿ. ಮುಕ್ಕಾಲು ಪಾಲು ನಮ್ಮ ಯಜಮಾನರದು: ಕೊಡೆ, ಗಮ್‌ಬೂಟು, ಟಾರ್ಪಾಲು, ಹಗ್ಗ. ಕಾಲು ಪಾಲು ನನ್ನದು: ಬಳೆ, ಕ್ಲಿಪ್ಪು, ಬಿಂದಿ, ನೇಲ್ ಪಾಲಿಶ್. ನನ್ನದೆಲ್ಲ ಕಿಟಕಿ ಪಕ್ಕದ ಒಂದೇ ಒಂದು ಕಪಾಟಿನಲ್ಲಿ. ಮಳೆಗಾಲ ಹತ್ತಿರ ಬಂತೆಂದರೆ ಅದಕ್ಕೂ ಸಂಚಕಾರ. ಗಮ್‌ಬೂಟಿನ ಹೊಸ ಮಾಲು ಬಂದು ಅಲ್ಲಿ ಕೂರುತ್ತದೆ, ನನ್ನ ಬಳೆಗಳು ಮೇಜಿನ ಕೆಳಗೆ ಸೇರುತ್ತವೆ. ಮದುವೆಯಾಗಿ ಬಂದಾಗಿನಿಂದ ಹೀಗೇ ನಡೆದಿತ್ತು, ಮದುವೆಯಾಗಿ ಬಂದಾಗಿನಿಂದ ನನಗೆ ಇದರ ಮೇಲೆ ಸಿಟ್ಟೂ ಇತ್ತು.

ಆರಿಸಿದ್ದು

ಈ ವರ್ಷ ಬೇಸಿಗೆ ಶುರುವಾಗುವಾಗ ಸೇಲ್ಸ್‌ನವನು ಎರಡು ಥರದ ರಿಮೂವರ್ ತಂದು ಮೇಜಿನ ಮೇಲಿಟ್ಟ. ಒಂದು ಗುಲಾಬಿ ಬಣ್ಣದ್ದು, ಗುಲಾಬಿಯದೇ ವಾಸನೆ, ಬಾಟಲಿಯ ಮೇಲೆ ಗುಲಾಬಿಯದೇ ಚಿತ್ರ. ಇನ್ನೊಂದು ನೀರಿನಂತೆ ಇತ್ತು, ಅಗ್ಗದ್ದು, ಮುಚ್ಚಳ ತೆಗೆದರೆ ಪೇಂಟ್ ಅಂಗಡಿಗೆ ಹೋದ ಹಾಗೆ. ನಾನು ಯಾರ ಮಾತನ್ನೂ ನಂಬುವವಳಲ್ಲ. ಕಪಾಟಿನಲ್ಲಿದ್ದ ಬಣ್ಣಗಳನ್ನೆಲ್ಲ ಬೆರಳಿಗೊಂದರಂತೆ ಹಚ್ಚಿಕೊಂಡು ಪರೀಕ್ಷೆಗೆ ಕೂತೆ. ಬದನೆಕಾಯಿ ಬಣ್ಣದ್ದು ಮಾತ್ರ ಹುಡುಕಿದರೂ ಸಿಗಲಿಲ್ಲ. ಊರಿನಲ್ಲಿ ಯಾರಿಗೂ ಬೇಡವಾದ ಬಣ್ಣ ಅದು, ಬಂದದ್ದೇ ಒಂದು ಬಾಟಲಿ. ಅದನ್ನೂ ಕದಿಯುವವರಿದ್ದಾರಲ್ಲ, ಅವರ ರುಚಿ ಎಂಥದಿರಬೇಕು ಎಂದು ಜೋರಾಗಿಯೇ ಬೈದೆ. ಯಜಮಾನರು ತಲೆಯೆತ್ತದೆ ಟಾರ್ಪಾಲು ಮಡಚುತ್ತಿದ್ದರು. ಆಗ ಅವರಿಗೆ ಯಾವ ಮಾತೂ ಬೇಕಿರಲಿಲ್ಲ. ಹಿತ್ತಲಲ್ಲಿ ಸಾಕಿದ್ದ ಮುದ್ದಿನ ಹೇಂಟೆ ಕಾಣೆಯಾಗಿ, ಮುಂಗುಸಿ ಹೊತ್ತೊಯ್ದಿರಬೇಕೆಂದು ತಾವೇ ತೀರ್ಮಾನಿಸಿ, ಸಪ್ಪಗೆ ಓಡಾಡಿಕೊಂಡಿದ್ದರು.

ಗುಲಾಬಿಯದನ್ನು ಎಷ್ಟು ತಿಕ್ಕಿದರೂ ಬಣ್ಣ ಉಗುರಿನಿಂದ ಚರ್ಮಕ್ಕೆ ಹೋಯಿತೇ ಹೊರತು ಬೆರಳು ಬಿಡಲಿಲ್ಲ. ಅಗ್ಗದ್ದನ್ನು ಹತ್ತಿಗೆ ಹನಿಸಿ, ಉಗುರಿನ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದು ಎಳೆದೆ, ಉಗುರು ಹುಟ್ಟಿದಾಗ ಹೇಗಿತ್ತೋ ಹಾಗಾಯಿತು. ಗೆದ್ದೆನೆಂದು ಬಾಟಲಿಯನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟು ಇವರನ್ನು ಕರೆದೆ. ಇವರು ಬಂದು ನೋಡುವಷ್ಟರಲ್ಲಿ ಚೆಲ್ಲಿದ್ದ ನೀರು ತಟ್ಟೆಯನ್ನು ಅಂಟಂಟು ಮಾಡಿ ಬಾಟಲಿಯನ್ನು ಅದಕ್ಕೇ ಮೆತ್ತಿಸಿತ್ತು.

‘ತಟ್ಟೆಯನ್ನೇ ತಿಂತಲ್ಲ ಮಾರಾಯ್ತಿ, ಬೆರಳು ಬಿಡ್ತದಾ?’ ಎಂದರು.

ಬೆರಳು ಪ್ಲಾಸ್ಟಿಕ್ಕಿನದಲ್ಲ ಎಂದೆ. ಒಲೆ, ಊದುಬತ್ತಿಯ ಹತ್ತಿರ ಇಡಬಾರದು, ಕಿಟಕಿ ತೆಗೆದಿರಬೇಕು, ಆಮೇಲೆ ಸೋಪಿನಲ್ಲಿ ಕೈ ತೊಳೆದು ಕೊಬ್ಬರಿ ಎಣ್ಣೆ ಸವರಬೇಕು, ಅಷ್ಟೇ ಎಂದು ಸೇಲ್ಸ್‌ನವನೂ ದನಿಗೂಡಿಸಿದ. ನಾನು ಇಡೀ ಒಂದು ಪೆಟ್ಟಿಗೆ ತೆಗೆದುಕೊಂಡೆ. ಯಜಮಾನರು ತಲೆ ಚಚ್ಚಿಕೊಂಡರು. ಹಚ್ಚಿಕೊಳ್ಳುವವರೇ ಬೆರಳೆಣಿಕೆ, ತೆಗೆಯುವವರು ಎಲ್ಲಿಂದ ಬರುತ್ತಾರೆ ಎಂದರು. ಮಾತಿಗೆ ಮಾತು ಬೆಳೆದು ಕೊನೆಗೆ ಪಂಥವಾಯಿತು. ಗಮ್‌ಬೂಟಿನ ಮಾಲು ಬರುವ ಹೊತ್ತಿಗೆ ಪೆಟ್ಟಿಗೆ ಖಾಲಿಯಾಗಿದ್ದರೆ ಕಪಾಟು ಮಳೆಗಾಲಕ್ಕೂ ನನ್ನದು, ಒಂದೇ ಒಂದು ಬಾಟಲಿ ಉಳಿದಿದ್ದರೂ ವರ್ಷವಿಡೀ ಗಮ್‌ಬೂಟಿನದು. ಸೇಲ್ಸ್‌ನವನೇ ಸಾಕ್ಷಿ.

ಭಟ್ಟರ ಮನೆಯವರು

ಮೊದಲ ಬಾಟಲಿ ಹೋದದ್ದು ಭಟ್ಟರ ಮನೆಗೆ. ಅವರ ಸೊಸೆ ಕಳಸದ ತವರಿನಲ್ಲಿ ಮದುವೆ ಮುಗಿಸಿ ಬಸ್ಸಿಳಿದವಳೇ ಎರಡು ಕೈಗಳನ್ನೂ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಮಾರನೆಯ ದಿನ ಮನೆಯಲ್ಲಿ ಶ್ರಾದ್ಧ, ಮಡಿಯಲ್ಲಿ ಅಡುಗೆ, ಅತ್ತೆ ಕಟ್ಟುನಿಟ್ಟು. ಕೊಡೆಗಳ ಮರೆಯಲ್ಲಿ ಸ್ಟೂಲು ಹಾಕಿ ಕೂರಿಸಿ ನಾನೇ ತೆಗೆದುಕೊಟ್ಟೆ. ಅತ್ತೆಗೆ ಗೊತ್ತಾಗಬಾರದು ಎಂದು ಮೂರು ಸಲ ಹೇಳಿ ಬಾಟಲಿಯನ್ನು ಚೀಲದ ವೀಳ್ಯದೆಲೆಯ ಕೆಳಗೆ ಮುಚ್ಚಿಟ್ಟುಕೊಂಡು ಹೋದಳು.

ಒಂದು ವಾರ ಕಳೆದಿರಬೇಕು, ಅದೇ ಅತ್ತೆ ಬಂದರು. ನಾನು ಪೆಟ್ಟಿಗೆಯನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದೆ. ಅವರು ಅಂಗಡಿಯನ್ನೆಲ್ಲ ಒಮ್ಮೆ ನೋಡಿ, ಯಜಮಾನರು ಹಗ್ಗ ಅಳೆಯಲು ಹೊರಗೆ ಹೋದ ಮೇಲೆ, ಆ ಕೊಡೆಗಳ ಹಿಂದೆ ಕೂತುಕೊಳ್ಳಬಹುದೇನಮ್ಮ ಎಂದು ಕೇಳಿದರು. ಕೂತವರು ನೆರಿಗೆ ಸ್ವಲ್ಪ ಮೇಲೆತ್ತಿದರು. ಕಾಲಿನ ಹತ್ತೂ ಬೆರಳು ಕೆಂಪಗೆ ಹೊಳೆಯುತ್ತಿದ್ದವು. ಮಧ್ಯಾಹ್ನ ಮಲಗಿದ್ದಾಗ ಮೊಮ್ಮಗಳು ಹಚ್ಚಿಬಿಟ್ಟಿದ್ದಳಂತೆ. ಸೊಸೆ ನೋಡಿದರೆ ಏನೆಂದುಕೊಂಡಾಳು ಎಂಬ ಭಯ ಅವರಿಗೆ.

ನಾನು ನಗು ತಡೆದುಕೊಂಡು ಒಂದೊಂದೇ ಬೆರಳು ಒರೆಸಿದೆ. ಕೊನೆಯ ಕಿರುಬೆರಳಿಗೆ ಬಂದಾಗ ಅವರು ಕಾಲು ಹಿಂದಕ್ಕೆಳೆದುಕೊಂಡರು.

‘ಅದೊಂದು ಇರ್ಲಿ ಬಿಡಮ್ಮ’ ಎಂದರು, ‘ಮಗು ಅಷ್ಟು ಕಷ್ಟಪಟ್ಟಿದೆ.’

ನೆರಿಗೆ ಇಳಿಬಿಟ್ಟು ನಾಲ್ಕು ಹೆಜ್ಜೆ ನಡೆದು, ಕಾಣುತ್ತದೆಯೇ ಎಂದು ನನ್ನನ್ನು ಕೇಳಿ, ಕಾಣುವುದಿಲ್ಲ ಎಂದ ಮೇಲೆ ಸ್ವಲ್ಪ ಬೇಜಾರಾದಂತೆ ಕಂಡರು. ಹೋಗುವಾಗ ತಮಗೂ ಒಂದು ಬಾಟಲಿ ಕೊಂಡರು. ಈಗ ಆ ಮನೆಯಲ್ಲಿ ಎರಡು ಬಾಟಲಿಗಳಿವೆ, ಒಬ್ಬರಿಗೊಬ್ಬರದು ಗೊತ್ತಿಲ್ಲ.

ಜೀಪಿನವನು

ಮಲ್ಲಂದೂರಿನ ಕಡೆಗೆ ಜೀಪು ಓಡಿಸುವವನೊಬ್ಬನಿದ್ದಾನೆ. ಅವನ ಮೀಸೆ ಕಂಡರೆ ಹಿಂದೆ ಕೂತವರು ಬಾಯಿ ಮುಚ್ಚಿ ಒತ್ತೊತ್ತಾಗಿ ಕೂರುತ್ತಾರೆ. ಪ್ರತಿ ಸೋಮವಾರ ಬೆಳಿಗ್ಗೆ ಬಂದು, ಮನೆಯವಳಿಗೆ ಬೇಕಂತೆ ಅಕ್ಕ, ತೆಗೆಯೋ ನೀರು ಕೊಡಿ ಎನ್ನುತ್ತಾನೆ. ಕೊಡಲು ಹೋದರೆ ಕೈ ಜೇಬಿನಿಂದ ಹೊರಗೆ ಬರುವುದಿಲ್ಲ, ಮೇಜಿನ ಮೇಲಿಡಿ ಎನ್ನುತ್ತಾನೆ. ಭಾನುವಾರ ಅವನು ಮನೆಯಲ್ಲಿರುವ ದಿನ, ಮಗಳು ಅವನ ಬೆರಳುಗಳಿಗೆಲ್ಲ ಬಣ್ಣ ಹಚ್ಚುವ ದಿನ. ಬೇಡ ಎಂದರೆ ಅಳುತ್ತಾಳೆ.

ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ, ವಾರವಾರ ಯಾಕೆ ಎಂದು ಕೇಳಿದೆ. ಬಳಸಿದ ಮೇಲೆ ಬಾಟಲಿಯನ್ನು ಮನೆಗೆ ಒಯ್ದರೆ ಮಗಳಿಗೆ ಗೊತ್ತಾಗುತ್ತದಂತೆ. ಜೀಪಿನಲ್ಲಿಟ್ಟರೆ ಪ್ಯಾಸೆಂಜರ್‌ಗಳಿಗೆ ಗೊತ್ತಾಗುತ್ತದಂತೆ. ಅದಕ್ಕೇ ಉಳಿದದ್ದನ್ನು ಸ್ಟ್ಯಾಂಡಿನ ಮೆಕ್ಯಾನಿಕ್‌ಗೆ ಕೊಟ್ಟುಬಿಡುತ್ತಿದ್ದ. ಆ ಮೆಕ್ಯಾನಿಕ್‌ನ ಸ್ಪ್ಯಾನರುಗಳು ಈ ಬೇಸಿಗೆಯಲ್ಲಿ ಬೆಳ್ಳಿಯ ಪೂಜಾ ಸಾಮಾನಿನ ಹಾಗೆ ಹೊಳೆಯುತ್ತಿದ್ದವು.

ಹಣ್ಣಿನ ಪರಿಮಳ

ಇದು ಒಬ್ಬ ಎಸ್ಟೇಟ್ ಸಾಹುಕಾರರ ವಿಷಯ. ಅವರ ಕಾಫಿಯ ರುಚಿ ನೋಡಲು ದೊಡ್ಡ ವ್ಯಾಪಾರಿಯೊಬ್ಬರು ಬಂಗಲೆಗೇ ಬಂದಿದ್ದರು. ಸಾಲಾಗಿ ಕಪ್ಪುಗಳು, ಪ್ರತಿಯೊಂದರಿಂದ ಒಂದು ಚಮಚ ಸೊರ್ರನೆ ಹೀರುವುದು, ಉಗುಳುವುದು, ಮುಖ ಗಂಟಿಕ್ಕುವುದು. ಸಾಹುಕಾರರು ಬೆವರುತ್ತಾ ನಿಂತಿದ್ದರು. ಒಂದು ಕಪ್ಪಿನ ಹತ್ತಿರ ಬಂದಾಗ ವ್ಯಾಪಾರಿ ಕಣ್ಣು ಮುಚ್ಚಿ ಮೂಗರಳಿಸಿ, ಇದರಲ್ಲಿ ಏನೋ ಹಣ್ಣಿನ ಪರಿಮಳವಿದೆ, ಈ ಕಡೆಯ ಯಾವ ಎಸ್ಟೇಟಿನಲ್ಲೂ ಕಂಡಿಲ್ಲ, ತೋಟದ ಯಾವ ತಾಕಿನದು ಎಂದು ಕೇಳಿದರಂತೆ. ಸಾಹುಕಾರರು ಬಾಯಿಗೆ ಬಂದ ತಾಕಿನ ಹೆಸರು ಹೇಳಿದರು. ಆಮೇಲೆ ಒಳಗೆ ಹೋಗಿ ನೋಡಿದರೆ, ಪಕ್ಕದ ಕೋಣೆಯಲ್ಲಿ ಅವರ ಮನೆಯವರು ಬಾಗಿಲು ಅರ್ಧ ತೆಗೆದಿಟ್ಟು, ನಮ್ಮ ಅಂಗಡಿಯ ನೀರಿನಲ್ಲಿ ಉಗುರು ಒರೆಸಿಕೊಳ್ಳುತ್ತಾ ಕೂತಿದ್ದಾರೆ. ಹತ್ತಿರದಿಂದ ಪೇಂಟಿನ ಘಾಟು, ದೂರದಿಂದ ಹಣ್ಣಿನ ಪರಿಮಳ.

ಸಾಹುಕಾರರು ಮರುದಿನ ತಾವೇ ಅಂಗಡಿಗೆ ಬಂದರು. ಯಜಮಾನರು ಗಮ್‌ಬೂಟಿಗೆ ಬಂದರೆಂದು ಖುಷಿಯಿಂದ ಎದ್ದು ನಿಂತರೆ, ಅವರು ನನ್ನ ಕಡೆ ತಿರುಗಿ, ಆ ನೀರು ಒಂದಿಷ್ಟು ಕೊಡಿ, ಅದೇ ಕಂಪನಿಯದು, ಬೇರೆ ಬೇಡ ಎಂದರು. ಈಗ ಯಾರಾದರೂ ಕಾಫಿ ನೋಡಲು ಬಂದರೆ ಸಾಹುಕಾರ್ತಮ್ಮನವರಿಗೆ ಬೆರಳುಗಳಿಗೆಲ್ಲ ಬಣ್ಣ ಹಚ್ಚಿಕೊಂಡು ಪಕ್ಕದ ಕೋಣೆಯಲ್ಲಿ ಕಾಯುವ ಡ್ಯೂಟಿ. ಇಷ್ಟು ವರ್ಷಗಳಲ್ಲಿ ಎಸ್ಟೇಟಿನ ಕೆಲಸಕ್ಕೆ ನನ್ನನ್ನು ಕರೆದದ್ದು ಇದೇ ಮೊದಲು ಎಂದು ಅವರು ಹೆಮ್ಮೆಯಿಂದ ಹೇಳಿದರು.

ಕೋಳಿ ನ್ಯಾಯ

ಹೀಗೆ ಪೆಟ್ಟಿಗೆ ಇಳಿಯುತ್ತಾ ಬಂತು. ಹೆಚ್ಚು ಇಳಿಸಿದವರು ನಮ್ಮ ಮನೆಯ ಹಿಂದಿನ ಬೇಲಿಯಾಚೆಗಿನ ಎಸ್ಟೇಟ್ ಲೈನಿನ ಹೆಂಗಸರು. ಲೈನು ಎಂದರೆ ಕೂಲಿಯವರ ಮನೆಗಳ ಸಾಲು, ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ. ಅಂಗಳ ಒಂದೇ ಆದ್ದರಿಂದ ಎಲ್ಲರ ಕೋಳಿಗಳೂ ಒಟ್ಟಿಗೇ ಮೇಯುತ್ತವೆ. ಯಾರದು ಯಾವುದು ಎಂದು ತಿಳಿಯಲು ಪ್ರತಿ ಮನೆಯವರೂ ತಮ್ಮ ಕೋಳಿಯ ಕಾಲುಗುರಿಗೆ ತಮ್ಮದೇ ಬಣ್ಣ ಹಚ್ಚುತ್ತಾರೆ. ಕೋಳಿ ಮನೆ ಬದಲಾಯಿಸಿದರೆ ಹಳೆಯ ಬಣ್ಣ ತೆಗೆದು ಹೊಸದು ಹಚ್ಚಬೇಕು. ನನ್ನ ನೇಲ್ ಪಾಲಿಶಿನ ಅರ್ಧ ವ್ಯಾಪಾರ ಕೋಳಿಗಳದ್ದೇ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಗಮ್‌ಬೂಟಿನ ಲೋಡು ಸಂಜೆಗೆ ಬರುತ್ತದೆ ಎಂದು ಫೋನು ಬಂದ ದಿನ ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಒಂದೇ ಬಾಟಲಿ. ಯಜಮಾನರು ಬೆಳಿಗ್ಗೆಯಿಂದಲೇ ಟೇಪು ಹಿಡಿದು ನನ್ನ ಕಪಾಟಿನ ಅಳತೆ ತೆಗೆಯುತ್ತಿದ್ದರು. ಸ್ಟ್ಯಾಂಡಿನಲ್ಲಿ ಹೋಗುವ ಬರುವ ಹೆಂಗಸರ ಬೆರಳುಗಳನ್ನೇ ನೋಡುತ್ತಾ ಕೂತಿದ್ದ ನನಗೆ ಅಳು ಬರುವುದೊಂದು ಬಾಕಿ.

ಮಧ್ಯಾಹ್ನದ ಹೊತ್ತಿಗೆ ಲೈನಿನ ಇಬ್ಬರು ಹೆಂಗಸರು ಒಂದು ಹೇಂಟೆಯನ್ನು ಬುಟ್ಟಿಯಲ್ಲಿ ಹೊತ್ತು ಜಗಳವಾಡುತ್ತಾ ಬಂದರು, ಹಿಂದೆ ನಾಲ್ಕಾರು ಜನ. ಕೋಳಿಯ ಕಾಲಲ್ಲಿ ಗುಲಾಬಿ ಬಣ್ಣವಿತ್ತು. ಗುಲಾಬಿ ನನ್ನದು, ಕೋಳಿ ನನ್ನದು ಎಂದಳು ದಪ್ಪ ಜಡೆಯವಳು. ಕೆಳಗೆ ನನ್ನ ಕೆಂಪಿದೆ, ಅದರ ಮೇಲೆ ಹಚ್ಚಿದ್ದಾಳೆ ಎಂದಳು ಮೂಗುತಿಯವಳು. ಬಣ್ಣ ಮಾರಿದವಳು ನಾನು, ನ್ಯಾಯ ನಾನೇ ಹೇಳಬೇಕಂತೆ. ಯಜಮಾನರು ಕೂಡಲೇ ಕುರ್ಚಿ ಎಳೆದುಕೊಂಡು ಪಂಚಾಯ್ತಿಗೆ ಕೂತರು. ಒರೆಸಿ ನೋಡಿದರೆ ಗೊತ್ತಾಗುತ್ತದಲ್ಲ, ಇಷ್ಟಕ್ಕೆ ಜಗಳ ಯಾಕೆ ಎಂದು ಕೊನೆಯ ಬಾಟಲಿಯನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು. ನ್ಯಾಯದ ಗತ್ತಿನಲ್ಲಿ ಪಂಥ ಅವರ ನೆನಪಿನಿಂದಲೇ ಜಾರಿತ್ತು. ನಾನೂ ನೆನಪಿಸಲಿಲ್ಲ.

ಕೋಳಿಯನ್ನು ಬಾಗಿಲಿನ ಗಾಳಿಗೆ ಹಿಡಿಸಿ, ಹತ್ತಿಯಿಂದ ಮೆಲ್ಲಗೆ ಒರೆಸಿದೆ. ಗುಲಾಬಿ ಹೋಯಿತು, ಕೆಂಪು ಬಂತು. ಮೂಗುತಿಯವಳು ಸೊಂಟದ ಮೇಲೆ ಕೈಯಿಟ್ಟಳು. ಇನ್ನೂ ಒರೆಸಿ ಅಕ್ಕ ಎಂದಳು ಜಡೆಯವಳು. ಒರೆಸಿದೆ, ಕೆಂಪಿನ ಕೆಳಗೆ ಗುಲಾಬಿ. ಅದರ ಕೆಳಗೆ ಮತ್ತೆ ಕೆಂಪು. ತೆಗೆಯೋ ನೀರಿಗೆ ಯಾಕೆ ದುಡ್ಡು ಹಾಕುವುದು ಎಂದು ಇಬ್ಬರೂ ಉಳಿತಾಯ ಮಾಡಿ, ಒಬ್ಬರ ಬಣ್ಣದ ಮೇಲೆ ಒಬ್ಬರು ಹಚ್ಚುತ್ತಾ ಬಂದಿದ್ದರು. ಹತ್ತಿ ಮುಗಿಯಿತು, ಯಜಮಾನರು ಮಡಚಿಟ್ಟಿದ್ದ ಟವೆಲು ಹರಿದೆ. ಜನ ಬಗ್ಗಿ ನೋಡುತ್ತಿದ್ದರು. ಬಾಟಲಿಯ ಕೊನೆಯ ಹನಿ ಬಿದ್ದಾಗ ಕೆಳಗಿನಿಂದ ಬಂದ ಬಣ್ಣ ಗುಲಾಬಿಯೂ ಅಲ್ಲ, ಕೆಂಪೂ ಅಲ್ಲ.

ಬದನೆಕಾಯಿ.

ಊರಿಗೆ ಬಂದದ್ದು ಅದೊಂದೇ ಬಾಟಲಿ. ನಾನು ಕೋಳಿಯ ಮುಖ ನೋಡಿದೆ, ಅದರ ಕೊಕ್ಕಿನ ಪಕ್ಕದ ಚುಕ್ಕೆಯ ಗುರುತು ಸಿಕ್ಕಿತು. ಮುಂಗುಸಿ ಹೊತ್ತೊಯ್ದ ನಮ್ಮನೆಯ ಹೇಂಟೆ. ಆಮೇಲೆ ಯಜಮಾನರ ಮುಖ ನೋಡಿದೆ. ಅವರು ಗಂಭೀರವಾಗಿ ಫ್ಯಾನು ನೋಡುತ್ತಿದ್ದರು.

‘ರೀ, ಬಣ್ಣ ಹಚ್ಚೋರೇ ಬೆರಳೆಣಿಕೆ ಅಂದ್ರಲ್ಲ’ ಎಂದೆ.

‘ಅದು ಕೋಳಿಗೆ ಮಾರಾಯ್ತಿ’ ಎಂದರು, ‘ನಾನೇನು ನನ್ನ ಕೈಗೆ ಹಚ್ಕೊಂಡ್ನಾ?’

ಅಲ್ಲಿಯವರೆಗೆ ಪರಸ್ಪರ ಜಡೆ ಹಿಡಿಯಲು ತಯಾರಿದ್ದ ಇಬ್ಬರೂ ಈಗ ಒಂದಾದರು. ಇಷ್ಟು ತಿಂಗಳು ಅಕ್ಕಿ ಹಾಕಿ ಸಾಕಿದ್ದು ನಾವು, ಈಗ ನಿಮ್ಮದಾಗುತ್ತದಾ ಅಣ್ಣ ಎಂದು ಜಡೆಯವಳು ಕೇಳಿದಳು. ಒಂದು ವಾರ ಅವಳ ಮನೆ, ಒಂದು ವಾರ ನನ್ನ ಮನೆ, ನಿಮಗೆ ಯಾಕೆ ಅದರ ಉಸಾಬರಿ ಎಂದಳು ಮೂಗುತಿಯವಳು. ಹೇಂಟೆ ಬದುಕಿದೆಯೆಂಬ ಸಂತೋಷಕ್ಕೋ ಏನೋ, ಯಜಮಾನರು ಅದರ ತಲೆ ಒಮ್ಮೆ ಸವರಿ, ಆಯ್ತು, ತಗೊಂಡು ಹೋಗಿ ಎಂದರು. ಅವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ರಿಮೂವರಿನ ಘಾಟಿಗೆ ಎಂದು ಈಗಲೂ ಹೇಳುತ್ತಾರೆ. ನನಗೆ ಆ ಕ್ಷಣ ಅವರ ಮೇಲೆ ತುಂಬ ಪ್ರೀತಿ ಬಂತು. ಆದರೆ ಕಪಾಟಿನ ವಿಷಯ ಬೇರೆ.

ಅಷ್ಟರಲ್ಲಿ ಗಮ್‌ಬೂಟಿನ ಲೋಡು ಬಂದು ಬಾಗಿಲಿಗೆ ನಿಂತಿತು. ಯಜಮಾನರಿಗೆ ಥಟ್ಟನೆ ಪಂಥ ನೆನಪಾಯಿತು. ಖಾಲಿ ಬಾಟಲಿ ಎತ್ತಿ ಹಿಡಿದು, ಇದು ಖರ್ಚಾಯಿತೇ ಹೊರತು ಮಾರಾಟವಾಗಲಿಲ್ಲ, ಯಾರೂ ಕೊಂಡಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ ಎಂದು ವಾದ ಹೂಡಿದರು. ನಾನು ಬುಟ್ಟಿ ಎತ್ತಿಕೊಂಡು ಹೊರಟಿದ್ದ ಹೆಂಗಸರನ್ನು ತಡೆದು, ನೀವೇ ಹೇಳಿ, ಈ ಬಾಟಲಿ ಯಾರ ಪಾಲಿಗೆ ಬರೆಯಬೇಕು ಎಂದು ಕೇಳಿದೆ.

ಇಬ್ಬರೂ ಒಟ್ಟಿಗೇ ಯಜಮಾನರ ಕಡೆ ಬೆರಳು ತೋರಿಸಿದರು. ‘ಬಣ್ಣ ಮೊದಲು ಹಚ್ಚಿದೋರೇ ನೀರು ತಗೋಬೇಕು ಅಕ್ಕ’ ಎಂದಳು ಮೂಗುತಿಯವಳು.

ಸೇರಿದ್ದ ಜನರೆಲ್ಲ ಅದೇ ಸರಿ ಎಂದರು. ಯಜಮಾನರು ತಮ್ಮ ಗಲ್ಲಾದಿಂದ ದುಡ್ಡು ತೆಗೆದು ನನ್ನ ಗಲ್ಲಾಕ್ಕೆ ಹಾಕಿದರು. ಈ ಮಳೆಗಾಲ ಕಿಟಕಿ ಪಕ್ಕದಲ್ಲಿ ನನ್ನ ಬಳೆಗಳು ಹೊಳೆಯುತ್ತಿವೆ. ಗಮ್‌ಬೂಟುಗಳು ನಮ್ಮ ಮಂಚದ ಕೆಳಗಿವೆ, ಎಡಬಲ ಗೊತ್ತಾಗಲೆಂದು ಪ್ರತಿ ಜೋಡಿಯ ಎಡಗಾಲಿನದರ ಹಿಮ್ಮಡಿಗೆ ಬದನೆಕಾಯಿ ಬಣ್ಣ ಹಚ್ಚಿಕೊಂಡು.