ಗುಂಪು ಫೋಟೋದ ಇಪ್ಪತ್ಮೂರನೆಯವ

ರಸ್ತೆ ಕಾಮಗಾರಿಯ ಫೋಟೋಗ್ರಾಫರನಿಗೆ ಬಿಸಿಲು ಹೊಡೆಯುವುದು, ಕ್ಯಾಮೆರಾದೊಳಗೆ ಮರಳು ಹೊಗುವುದು ಎಲ್ಲ ಇದ್ದದ್ದೇ. ಆದರೆ ಹಾಡಹಗಲಲ್ಲೇ ಹೆದರಿ ಬೆವರುವ ಪ್ರಸಂಗಗಳು ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತವೋ ಗೊತ್ತಿಲ್ಲ. ಮನೆ ದುಬೈಯ ಅಲ್ ಕುಸೈಸ್‌ನಲ್ಲಿ. ತಿಂಗಳಿಗೊಮ್ಮೆ ಅಬುಧಾಬಿ ದಾಟಿ, ರುವೈಸ್ ಕಡೆ ಹೊಸ ಹೆದ್ದಾರಿ ಹಾಕುತ್ತಿರುವಲ್ಲಿಗೆ ಹೋಗಿ, ಕೆಲಸ ಎಲ್ಲಿಗೆ ಬಂತೆಂದು ಫೋಟೋ ತೆಗೆದು ಹೆಡ್ ಆಫೀಸಿಗೆ ಕಳಿಸುತ್ತೇನೆ.

ಮಂಜಿನಲ್ಲಿ ನಿಂತವರು

ಜನವರಿಯಲ್ಲಿ ಅಲ್ಲಿ ಮಂಜು ಬಿದ್ದರೆ ಹತ್ತು ಹೆಜ್ಜೆಯಾಚೆ ಎಲ್ಲ ಮಸುಕು. ಅಂಥದ್ದೊಂದು ಬೆಳಿಗ್ಗೆ ಸೇತುವೆಯ ಅಡಿಪಾಯದ ಹತ್ತಿರ ಎಂಟು ಹತ್ತು ಜನ ಸಾಲಾಗಿ ನಿಂತಿದ್ದರು. ಹಳದಿ ಜಾಕೆಟ್ಟು, ಮೇಲೆ ಹೆಲ್ಮೆಟ್ಟು. ಮುಖ ಕಾಣುತ್ತಿರಲಿಲ್ಲ.

"ಭಾಯ್, ಥೋಡಾ ಆಗೇ ಬನ್ನಿ" ಎಂದೆ. ಅಲುಗಾಡಲಿಲ್ಲ. "ಯಲ್ಲಾ, ಯಲ್ಲಾ, ಬೇಗ!" ಎಂದು ಬೈದೆ. ಕೆಮ್ಮಿನ ಸದ್ದೂ ಇಲ್ಲ. ಹತ್ತಿರ ಹೋಗಿ ನೋಡಿದರೆ ಹೆಲ್ಮೆಟ್ಟಿನ ಕೆಳಗೆ ತಲೆಯೇ ಇಲ್ಲ!

ಕಿರುಚಿ ಹಿಂದೆ ತಿರುಗಿದೆ. ಅಷ್ಟೂ ಜನ ಕುಕ್ಕರಗಾಲಲ್ಲಿ ಕೂತು ಚಾ ಕುಡಿಯುತ್ತಿದ್ದರು. ಜಾಕೆಟ್ಟು, ಹೆಲ್ಮೆಟ್ಟು ಕಳಚಿ ಕಬ್ಬಿಣದ ಸರಳುಗಳಿಗೆ ಸಿಕ್ಕಿಸಿದ್ದರು, ಅಷ್ಟೇ.

ಬೆಳ್ತಂಗಡಿ ಕಡೆಯ ನಮ್ಮ ಫೋರ್‌ಮನ್ ಲೋಟ ಕೆಳಗಿಡದೆ, "ಇನ್ನಷ್ಟು ಬೈಯಿರಿ ಮಾರಾಯ್ರೆ. ಇಡೀ ಸೈಟಿನಲ್ಲಿ ಎದುರು ಮಾತಾಡದ ಗುಂಪು ಅದೊಂದೇ" ಎಂದರು.

ಆಳಿಲ್ಲದ ರೋಲರ್

ಬೇಸಿಗೆ. ಮಧ್ಯಾಹ್ನದ ಬಿಡುವು ಆಗಷ್ಟೇ ಮುಗಿದಿತ್ತು, ಇನ್ನೂ ನರಪಿಳ್ಳೆ ಇಲ್ಲ. ಪೈಪು ಹಾಕುವ ಕಾಲುವೆಗೆ ಇಳಿದು ಕ್ಯಾಮೆರಾ ಎತ್ತಿದೆ. ಎದುರಿನ ಪುಟ್ಟ ರೋಲರ್ ಗುರ್ ಎಂದಿತು. ಸೀಟಿಲ್ಲ, ಸ್ಟೇರಿಂಗಿಲ್ಲ, ಆಳಿಲ್ಲ. ನನ್ನತ್ತಲೇ ಬಂತು! ನಾನು ಹಿಂದೆ ಸರಿದೆ, ಅದು ಮುಂದೆ ಬಂತು. ನಾನು ನಿಂತೆ, ಅದೂ ನಿಂತಿತು. ಮಣ್ಣಿನ ಗೋಡೆಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ, ನೆನಪಿದ್ದ ದೇವರನ್ನೆಲ್ಲ ಕರೆದೆ.

ಮೇಲಿನಿಂದ ದನಿ ಬಂತು: "ಸಾಬ್, ಪೂಜೆ ಮುಗಿದರೆ ಹೇಳಿ, ಮುಂದೆ ಬಿಡುತ್ತೇನೆ."

ಆಪರೇಟರ್ ದಂಡೆಯ ಮೇಲೆ ರಿಮೋಟು ಹಿಡಿದು ನಿಂತಿದ್ದ.

ಲೆಕ್ಕಕ್ಕೆ ಸಿಗದವ

ಫೋರ್‌ಮನ್ನರ ಕೈಕೆಳಗೆ ಇಪ್ಪತ್ತೆರಡು ಜನ. ಒಂದು ತಿಂಗಳು ಗುಂಪು ಫೋಟೋದಲ್ಲಿ ಇಪ್ಪತ್ಮೂರು ಜನ ಕಂಡರು. ಕೊನೆಯಲ್ಲಿ ನಿಂತವನ ಮುಖ ಹೆಲ್ಮೆಟ್ಟಿನ ನೆರಳಲ್ಲಿ ಮಸುಕಾಗಿತ್ತು. ಯಾರಿಗೂ ಗುರುತಿಲ್ಲ. ಹಿಂದಿನ ತಿಂಗಳ ಫೋಟೋ ತೆರೆದೆವು. ಅಲ್ಲೂ ಇದ್ದಾನೆ. ಅದರ ಹಿಂದಿನದರಲ್ಲೂ, ಅದೇ ಕೊನೆಯಲ್ಲಿ.

"ಪಕ್ಕದಲ್ಲಿ ನಿಂತವನಿಗೂ ಗೊತ್ತಿಲ್ಲವಾ?" ಎಂದೆ.

ಪಕ್ಕದಲ್ಲಿ ನಿಂತಿದ್ದವನು ಫೋಟೋ ನೋಡಿ, "ನನ್ನ ಪಕ್ಕ ಯಾರೂ ಇರಲಿಲ್ಲ ಸಾಬ್" ಎಂದ.

ಮರುದಿನ ಆರು ಜನ ಕ್ಯಾಂಪಿನಿಂದ ಕೆಲಸಕ್ಕೇ ಬರಲಿಲ್ಲ. ಇಬ್ಬರು ಊರಿಗೆ ಕಳಿಸಿ ಎಂದು ಹಟ ಹಿಡಿದರು. "ಕೆಲಸ ನಿಂತರೆ ನನ್ನ ಕತೆ ಖಲಾಸ್" ಎಂದು ಫೋರ್‌ಮನ್ ತಲೆ ಮೇಲೆ ಕೈ ಹೊತ್ತರು. ಸಾಲದ್ದಕ್ಕೆ ಹೆಡ್ ಆಫೀಸಿನಿಂದ ಮೇಲ್ ಬಂತು: ಫೋಟೋದ ಕೊನೆಯಲ್ಲಿರುವವ ಒಬ್ಬನೇ ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು ಎಲ್ಲ ಸರಿಯಾಗಿ ಹಾಕಿದ್ದಾನೆ. ಈ ತಿಂಗಳ ಸುರಕ್ಷತಾ ಬಹುಮಾನ ಅವನಿಗೆ. ಗುರುವಾರ ಮ್ಯಾನೇಜರ್ ಖುದ್ದು ಬರುತ್ತಾರೆ.

"ಭೂತಕ್ಕೆ ಬಹುಮಾನವಂತೆ! ಎಲ್ಲಿಂದ ತರಲಿ ಮಾರಾಯ್ರೆ?"

ಗುರುವಾರ ಬೆಳಿಗ್ಗೆ ಭೂತವನ್ನು ಹಿಡಿಯಲೆಂದೇ ಉಳಿದವರನ್ನು ಸಾಲಾಗಿ ನಿಲ್ಲಿಸಿ ಕ್ಯಾಮೆರಾ ಹಿಡಿದೆ. ಫೋರ್‌ಮನ್ ನೀರಿನ ಟ್ಯಾಂಕರಿನ ಹಿಂದೆ ಅಡಗಿದರು. ಎಲ್ಲರೂ ಲೆನ್ಸನ್ನೇ ನೋಡುತ್ತಿದ್ದಂತೆ ಗೇಟಿನ ಪಕ್ಕದ ಮರಳ ದಿಬ್ಬದ ಹಿಂದಿನಿಂದ ಒಬ್ಬ ಸದ್ದಿಲ್ಲದೆ ಬಂದು ಕೊನೆಯಲ್ಲಿ ನಿಂತ. ಫೋರ್‌ಮನ್ ಹಾರಿ ಅವನ ತೋಳು ಹಿಡಿದರು. ತೋಳು ಬೆಚ್ಚಗಿತ್ತು!

ರಾಜಸ್ಥಾನದವ. ದಿಬ್ಬದಾಚೆ ಒಂಟೆ ಕಾಯುವ ಕೆಲಸ. "ಊರಲ್ಲಿ ಅಮ್ಮ ಫೋಟೋ ಕೇಳುತ್ತಿದ್ದಾಳೆ. ಮೂರು ಸಲ ನಿಂತೆ, ಒಂದು ಕಾಪಿಯಾದರೂ ಕೊಟ್ಟಿರಾ?" ಎಂದು ನನ್ನ ಮೇಲೇ ರೇಗಿದ.

ಅಷ್ಟರಲ್ಲಿ ಮ್ಯಾನೇಜರ ಕಾರು ಬಂತು. ವಿಷಯ ಕೇಳಿ ಅವರು ಕೆಂಡವಾದರು. "ಹೊರಗಿನವನು ನೀನು. ಒಳಗೆ ಬಾ ಎಂದವರು ಯಾರು?"

"ಗೇಟಿನ ಬೋರ್ಡು, ಸಾಬ್. ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು ಹಾಕಿದವರಿಗೆ ಮಾತ್ರ ಪ್ರವೇಶ ಅಂತ ಹಿಂದಿಯಲ್ಲಿ ಬರೆದಿದೆ. ಪಕ್ಕದ ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡೆ. ಹೋಗುವಾಗ ಅಲ್ಲೇ ಇಡುತ್ತೇನೆ."

ಆಮೇಲೆ ಮ್ಯಾನೇಜರನ್ನು ಬೂಟಿನಿಂದ ಬೋಳುತಲೆಯವರೆಗೆ ನಿಧಾನವಾಗಿ ನೋಡಿ ಕೇಳಿದ:

"ಸಾಬ್, ನಿಮ್ಮನ್ನು ಒಳಗೆ ಬಿಟ್ಟವರು ಯಾರು?"