ಅಕ್ಕನ ಹಾಡಿಗೊಂದು ಮೈಕು

ಮೈಕು ಕೊಳ್ಳುವ ಮುಂಚೆ, ಅದನ್ನು ಇಡುವ ಕೋಣೆಯಲ್ಲಿ, ಹಾಡುವವರೇ ಹಾಡಿ, ಕೇಳಿ ನೋಡಬೇಕು. ನಿಯಮ ಇಷ್ಟೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇಷ್ಟೂ ತಾಲೂಕು ತಿರುಗಿದರೂ ಇದನ್ನು ಪಾಲಿಸಿದವರು ನನಗೆ ಒಬ್ಬರೇ ಸಿಕ್ಕರು. ಮುರಿದವರು ಮಾತ್ರ ವಾರಕ್ಕೊಬ್ಬರಂತೆ ಸಿಗುತ್ತಲೇ ಇದ್ದಾರೆ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು. ಡಬ್ಬಿಯೊಳಗಿನ ಸೂಚನಾಪತ್ರವನ್ನು ಪೂರ್ತಿ ಓದದೆ ಇಸ್ತ್ರಿಪೆಟ್ಟಿಗೆಯನ್ನೂ ಮುಟ್ಟುವುದಿಲ್ಲ. ಹೀಗಾಗಿ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಗೀಳು ಹತ್ತಿದವರೆಲ್ಲ ನನ್ನನ್ನೇ ಕೇಳುತ್ತಾರೆ. ಕೇಳಿದ ಮೇಲೆ ತಮಗೆ ಬೇಕಾದ್ದನ್ನೇ ಮಾಡುತ್ತಾರೆ.

ನನಗೂ ಒಂದು ಮೈಕು ಬೇಕಾಗಿತ್ತು, ಮುಧೋಳದಲ್ಲಿರುವ ನನ್ನ ಅಕ್ಕನಿಗಾಗಿ. ನಮ್ಮ ಮನೆತನದ ಮದುವೆ ಹಾಡುಗಳು ಈಗ ಉಳಿದಿರುವುದು ಅವಳೊಬ್ಬಳ ಬಾಯಲ್ಲಿ. ಬರೆದಿಟ್ಟದ್ದು ಒಂದೂ ಇಲ್ಲ. ಮೂರು ವರ್ಷ ಬೆನ್ನು ಹತ್ತಿದ ಮೇಲೆ ಆಕೆ ‘ಹೂಂ’ ಅಂದಿದ್ದಳು. ಅವಳ ಮನಸ್ಸು ತಿರುಗುವುದರೊಳಗೆ ಸರಿಯಾದ ಮೈಕು ಸಿಗಬೇಕಿತ್ತು. ಅದಕ್ಕೇ ಮೈಕು ಕೊಂಡವರನ್ನೆಲ್ಲ ಕಂಡು ಬಂದೆ.

೧. ತೂಕ

ಮೊದಲನೆಯವರು ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ. ಭಜನೆ ಹಾಡುವವರು. ಮೈಕಿನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಎರಡು ಕೈಯಲ್ಲಿ ಎರಡು ಮೈಕು ಹಿಡಿದು ಮೇಲೆ ಕೆಳಗೆ ತೂಗಿದರು.

“ಇದು ಹಗೂರ ಐತ್ರಿ ಸರ. ಇದರಾಗ ಮಾಲಿಲ್ಲ.”

“ಒಮ್ಮೆ ಹಾಡಿ ನೋಡ್ರಿ,” ಅಂದೆ.

“ಹಾಡಿ ಏನ್ ನೋಡೂದ್ರಿ? ಹುಟ್ಟಿದಾಗಿಂದ ಬೆಲ್ಲದ ಪೆಂಟಿ ಎತ್ತಿದ ಕೈ ಇದು. ಇದಕ್ಕ ಗೊತ್ತಾಗತೈತಿ.”

ಭಾರವಾದದ್ದನ್ನೇ ಕೊಂಡರು. ಅದು ಕಂಡೆನ್ಸರ್ ಮೈಕು, ಪಿಸುಮಾತನ್ನೂ ಬಿಡದೆ ಹಿಡಿಯುವಂಥದ್ದು. ಅದನ್ನು ಇಟ್ಟದ್ದು ತಮ್ಮ ಅಡತಿ ಅಂಗಡಿಯ ಮೇಲಿನ ಖೋಲಿಯಲ್ಲಿ. ಕೆಳಗೆ ಬೆಲ್ಲದ ಹರಾಜು ನಡೆದಿತ್ತು. ಹಾಡಿ ಮುಗಿಸಿ, ಬೀಗರಿಗೆಲ್ಲ ಮೊಬೈಲಿನಲ್ಲಿ ಕಳಿಸಿದರು. ಸಂಜೆಗೆ ಲೋಕಾಪುರದ ಬೀಗರ ಫೋನು ಬಂತು.

“ಭಜನಿ ಭಾಳ ಛಲೋ ಆಗೇತ್ರಿ. ಎರಡನೇ ನುಡಿಯೊಳಗ ಕೂಗಿದ ದರ ಖರೆ ಇದ್ರ, ನಾಳೆ ನಮ್ಮ ಬೆಲ್ಲದ ಗಾಡೀನೂ ಕಳಸ್ತೀವಿ.”

೨. ತಾಳ

ಬನಹಟ್ಟಿಯಲ್ಲಿ ಒಬ್ಬ ಮಗ್ಗದ ಮಾಲೀಕರು. ಜಾಹೀರಾತು ನೋಡಿ ಅಂಥದ್ದೇ ಸೂಕ್ಷ್ಮ ಮೈಕು ತರಿಸಿದ್ದರು. ಹಾಡುವ ಖೋಲಿಗೂ ಪವರ್‌ಲೂಮಿಗೂ ನಡುವೆ ಒಂದೇ ಗೋಡೆ. ರೆಕಾರ್ಡ್ ಹಾಕಿ ಕೇಳಿಸಿದರು. ಖಟಕ್ ಖಟಕ್ ಎಂಬುದರ ಕೆಳಗೆಲ್ಲೋ ಒಬ್ಬ ಮನುಷ್ಯ ನರಳಿದಂತೆ ಇತ್ತು.

“ಮಗ್ಗದ ಸಪ್ಪಳ ಭಾಳ ಬಂದೈತಲ್ರಿ,” ಅಂದೆ.

“ಯಾವ ಸಪ್ಪಳ್ರಿ?” ಖರೇನೇ ಕೇಳಿದರು.

ಚಹಾ ತಂದ ಅವರ ಹೆಂಡತಿ ಹೇಳಿದರು, “ಅವರಿಗೆ ಕೇಳಸೂದಿಲ್ರಿ. ಇಪ್ಪತ್ತು ವರ್ಷದಿಂದ ನಾ ಕರದದ್ದೂ ಕೇಳಿಸಿಲ್ಲ.”

ಬಾಯಿಗೆ ಹತ್ತಿರ ಹಿಡಿದರೆ ಮಾತ್ರ ಚೆನ್ನಾಗಿ ಕೇಳುವ ಡೈನಾಮಿಕ್ ಮೈಕು ಕೊಳ್ಳಬೇಕಿತ್ತು ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು.

“ಲಗೂನ ಹಾಡ್ರಿ!” ಅಂದೆ.

ಸುರು ಮಾಡಿದರು. ಎರಡನೇ ಸಾಲಿಗೆ ತಪ್ಪಿದರು. ಮತ್ತೆ ಹಾಡಿದರು, ಮತ್ತೆ ತಪ್ಪಿದರು. ಮೂರನೇ ಸಲ ಬಾಯಿ ತೆರೆದು ಗೋಡೆಯ ಕಡೆ ನೋಡಿದರು.

“ಏನಾತ್ರಿ?”

“ಮಗ್ಗ ನಿಂತಾವಲ್ರಿ ಸರ. ತಾಳ ಯಾರ ಹಾಕಬೇಕು?”

೩. ಬೆನ್ನು

ಬೀಳಗಿಯ ಒಬ್ಬ ಸಾಲಿ ಮಾಸ್ತರರು ಹಾರ್ಮೋನಿಯಂ ನುಡಿಸಿ, ಹಾಡಿ, ವಿಡಿಯೊ ಹಾಕುತ್ತಾರೆ. “ಹೊಸಾ ಮೈಕು ಸತ್ತೈತ್ರಿ ಸರ,” ಎಂದು ಫೋನ್ ಮಾಡಿದರು. ನಾನು ಗಾಡಿ ಹತ್ತಿ ಹೋದೆ.

ಮೈಕು ಜೀವಂತ ಇತ್ತು. ಆ ಜಾತಿಯ ಮೈಕಿಗೆ ಒಂದು ಬದಿಯಲ್ಲಷ್ಟೇ ಕಿವಿ. ಕಂಪನಿಯ ಹೆಸರು ಕೆತ್ತಿದ ಬದಿಯೇ ಆ ಕಿವಿ. ಇವರು ಅದನ್ನು ಕ್ಯಾಮೆರಾದ ಕಡೆ ತಿರುಗಿಸಿ, ತಾವು ಹಿಂದಿನಿಂದ ಹಾಡುತ್ತಿದ್ದರು.

“ಸೂಚನಾಪತ್ರ ಓದಿದ್ರಿ?”

“ಅದರಾಗ ಹುಡುಗರಿಗೆ ಚುರಮುರಿ ಕಟ್ಟಿಕೊಟ್ಟೇವ್ರಿ.”

ನಾನು ಮೈಕನ್ನು ಅವರ ಕಡೆ ತಿರುಗಿಸಿದೆ. ದನಿ ಗಂಟೆಯ ಹಾಗೆ ಬಂತು. ಕೇಳಿ ಹಿಗ್ಗಿದರು. ಆಮೇಲೆ ವಿಡಿಯೊ ನೋಡಿದರು, ಎದ್ದರು, ಮೈಕನ್ನು ಮತ್ತೆ ಮೊದಲಿನಂತೆ ತಿರುಗಿಸಿ ಇಟ್ಟರು.

“ಯಾಕ್ರೀ?” ಅಂದೆ.

“ಇಷ್ಟು ರೊಕ್ಕಾ ಕೊಟ್ಟು, ಮಂದಿಗೆ ಅದರ ಬೆನ್ನು ತೋರಸ್ಲೇನ್ರಿ?”

೪. ಕೌದಿ

ಇಷ್ಟೆಲ್ಲ ನೋಡಿದ ಮೇಲೆ ನಾನಾದರೂ ನಿಯಮ ಪಾಲಿಸಬೇಕಿತ್ತು. ಪಾಲಿಸಲಿಲ್ಲ. ಹನ್ನೊಂದು ಮೈಕುಗಳ ಗುಣಲಕ್ಷಣಗಳನ್ನು ಒಂದು ಕೋಷ್ಟಕದಲ್ಲಿ ಬರೆದು, ಅಂಕ ಕೊಟ್ಟು, ಹೆಚ್ಚು ಅಂಕ ಬಂದದ್ದನ್ನು ತರಿಸಿದೆ. ಹಾಡಿ ನೋಡುವ ನಿಯಮ ಕೋಷ್ಟಕ ಹಾಕಲು ಬಾರದವರಿಗೆ ಎಂದು ಆಗ ನನ್ನ ಭಾವನೆ.

ಮುಧೋಳಕ್ಕೆ ಹೋಗಿ ಅಕ್ಕನ ಖೋಲಿಯ ಕಿಟಕಿ ಮುಚ್ಚಿದೆ, ಫ್ಯಾನು ನಿಲ್ಲಿಸಿದೆ. ಗೋಡೆಗೆ ಬಡಿದು ದನಿ ಮರುಕಳಿಸಬಾರದೆಂದು ಹಳೆ ಸೀರೆ ಪದರಿಸಿ ಹೊಲಿದ, ಮನೆಯಲ್ಲಿದ್ದ ಏಳೂ ಕೌದಿಗಳನ್ನು ಸುತ್ತ ತೂಗುಬಿಟ್ಟೆ. ಬೇಸಿಗೆ ಬೇರೆ.

“ಮೈಕಿನಿಂದ ಒಂದ ಗೇಣು ದೂರ ಕೂಡು. ಅಲ್ಲಾಡಬ್ಯಾಡ. ಹಾಡು.”

ಅಕ್ಕ ಮೈಕನ್ನು ಮೇಲಿಂದ ಕೆಳಗೆ ನೋಡಿದಳು. “ಇದನ್ನ ಹಾಡಿ ನೋಡಿ ತಂದೀಯೇನು?”

“ಎಲ್ಲಾ ಓದೇನಿ ಅಕ್ಕಾ.”

“ಸೀರಿ ತರೂ ಮುಂದ ಸೆರಗ ಬಿಚ್ಚಿ ನೋಡತೀವಿ. ಗಡಿಗಿ ತರೂ ಮುಂದ ಬಡದ ನೋಡತೀವಿ. ಇದನ್ನ ಬರೇ ಓದಿ ತಂದೀಯೇನ್ಲೇ ತಮ್ಮಾ? ಮೊದಲ ನೀ ಹಾಡು, ನಾ ಕೇಳತೀನಿ. ಆಮ್ಯಾಲೆ ನಂದು.”

“ನನಗ ಹಾಡಾಕ ಬರೂದಿಲ್ಲ.”

“ಹಂಗಾರ ನನಗೂ ಬರೂದಿಲ್ಲ.”

ಆಕೆ ಏಳಲು ನೋಡಿದಳು. ಮೂರು ವರ್ಷದ ‘ಹೂಂ’ ಅವಳ ಜೊತೆಗೇ ಏಳುತ್ತಿತ್ತು. ಬೇರೆ ದಾರಿ ಇರಲಿಲ್ಲ. ನನಗೆ ಬಾಯಿಪಾಠ ಬರುವುದು ಸಾಲಿಯ ಇಂಗ್ಲಿಷ್ ಪ್ರಾರ್ಥನೆ ಒಂದೇ. ಕೈ ಕಟ್ಟಿ, ನೆಟ್ಟಗೆ ನಿಂತು, ಅದನ್ನು ಪೂರ್ತಿ ಹಾಡಿದೆ.

ಅಕ್ಕ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ನಗಲಿಲ್ಲ. ಮೊದಲಿನಿಂದ ಮತ್ತೊಮ್ಮೆ ಹಾಕಿಸಿ ಕೇಳಿದಳು. ಆಮೇಲೆ ಬಾಗಿಲು ತೆರೆದು ನೆರೆಮನೆಯ ಇಬ್ಬರು ಹೆಂಗಸರನ್ನು ಕರೆದು, ಸರದಿಯಂತೆ ಅವರ ಕಿವಿಗೂ ಇಟ್ಟಳು. ಅವರು ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದರು.

“ಮೈಕು ಛಲೋ ಐತಿ,” ಅಂದಳು ಅಕ್ಕ. “ಇದ್ದದ್ದು ಇದ್ದಂಗ ಹೇಳತೈತಿ. ಖೋಲಿಗೆ ಉಸರ ಕಟ್ಟೇತಿ.”

ನಾನು ಮರುದನಿಯ ಶಾಸ್ತ್ರ ಹೇಳತೊಡಗಿದೆ. ಆಕೆ ಕೌದಿಗಳನ್ನು ಒಂದೊಂದಾಗಿ ಕಿತ್ತು ನನ್ನ ಕೈಗೆ ಕೊಡುತ್ತ ಹೋದಳು. ಎರಡು ತೆಗೆದಾಗ ಒಂದು ಸಾಲು ಹಾಡಿ ಹೆಡ್‌ಫೋನಿನಲ್ಲಿ ಕೇಳಿದಳು, ತಲೆ ಅಲ್ಲಾಡಿಸಿದಳು. ನಾಲ್ಕು ತೆಗೆದು ಕೇಳಿದಳು, ಇನ್ನೂ ಬೇಡವೆಂದಳು. ಆರು ತೆಗೆದಾಗ ನಾನು ಮೂಗಿನವರೆಗೆ ಮುಚ್ಚಿಹೋಗಿದ್ದೆ. ಏಳನೆಯದನ್ನೂ ಕಿತ್ತು, ಕೈಯಲ್ಲೇ ಹಿಡಿದು ಮತ್ತೊಂದು ಸಾಲು ಹಾಡಿದಳು, ಕೇಳಿದಳು.

“ಈಗ ಆತು,” ಅಂದಳು. ಹೆಂಗಸರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಅರಿಷಿಣದ ಹಾಡಿನಿಂದ ಸುರು ಮಾಡಿದಳು.

ಮೈಕಿನಿಂದ ಎರಡು ಗೇಣು ದೂರ ಕೂತಿದ್ದಳು. ಕೌದಿಗಳ ಹಿಂದಿನಿಂದ ನಾನು, “ಅಕ್ಕಾ, ಒಂದ ಗೇಣು...” ಅಂದೆ.

ಅಕ್ಕ ಹಾಡು ನಿಲ್ಲಿಸಲಿಲ್ಲ. ಕೈ ಚಾಚಿ, ಏಳನೆಯ ಕೌದಿಯನ್ನು ನನ್ನ ತಲೆಯ ಮೇಲೆ ಹೊದಿಸಿದಳು.