ಬೈಲಹೊಂಗಲದ ಮಣಿಕಟ್ಟುಗಳೆಲ್ಲ ಆರಾಮ

ರಾಮದುರ್ಗ, ಜೂನ್ ೧೯೭೬

ಸಾಗರದಾಚೆಯ ಹಸ್ತ ಶಸ್ತ್ರಚಿಕಿತ್ಸಾ ಪತ್ರಿಕೆಯ ಮಾನ್ಯ ಸಂಪಾದಕರೇ,

ತಮಗೂ ತಮ್ಮ ಎರಡೂ ಮಣಿಕಟ್ಟುಗಳಿಗೂ ಮಲಪ್ರಭೆಯ ದಂಡೆಯಿಂದ ನಮಸ್ಕಾರಗಳು. ನನ್ನ ಹೆಂಡತಿ ಮಥುರಾಬಾಯಿ ಕನ್ನಡದಲ್ಲಿ ಹೇಳಿದ್ದನ್ನು ತಾವು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದೀರಿ. ಆ ಸಲಿಗೆಯಿಂದ ನಾನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುವ ರೋಗಕ್ಕೆ ಮಾಡಿದ ಶಸ್ತ್ರಕ್ರಿಯೆಗಳ ವರದಿಗಳನ್ನು ದೇಶದೇಶಗಳಿಂದ ತರಿಸಿ ತಾವು ಹೋಲಿಸಿ ನೋಡಿರುವ ಲೇಖನವನ್ನು, ತಮಗೆ ಬೈಲಹೊಂಗಲದ ವರದಿ ಕಳಿಸಿದ ನಮ್ಮ ಡಾಕ್ಟರ್ ಸಂಗಪ್ಪನವರು ಅಭಿಮಾನದಿಂದ ಕೊಟ್ಟು ಓದಿಸಿದರು. ಅಮೆರಿಕದ ರೋಗಿಗಳಲ್ಲಿ ಅರ್ಧದಷ್ಟು ಜನ ಅತೃಪ್ತರು. ಇಂಗ್ಲೆಂಡಿನವರು ‘ಅಂಥ ಕೆಟ್ಟದ್ದೇನಿಲ್ಲ’ ಎಂದು ಹೇಳಿ ‘ಮಧ್ಯಮ’ಕ್ಕೆ ಸೇರಿದ್ದಾರೆ. ಬೈಲಹೊಂಗಲದವರು ಮಾತ್ರ ಒಬ್ಬರೂ ಬಿಡದೆ ಸಂಪೂರ್ಣ ಗುಣ. ಇದಕ್ಕೆ ನಮ್ಮ ಒಣ ಹವೆ ಕಾರಣವಿರಬಹುದೆಂದು ತಾವು ಊಹಿಸಿದ್ದನ್ನು ಓದಿ, ಕಿಟಕಿ ತೆರೆದು ಆ ಹವೆಯನ್ನು ಸ್ವಲ್ಪ ಹೊತ್ತು ಗೌರವದಿಂದ ಸೇವಿಸಿದೆ.

ಗುಣವಾದವುಗಳಲ್ಲಿ ಮಥುರಾಬಾಯಿಯ ಬಲಗೈಯೂ ಒಂದು. ಶಸ್ತ್ರಕ್ರಿಯೆಯ ನಂತರ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರು “ಕೈ ಹ್ಯಾಂಗೈತ್ರಿ ಬಾಯಾರ?” ಎಂದರು. ಇವಳು “ಆರಾಮ ಅದರಿ. ನಿಮ್ಮ ತಾಯಿಯವರ ಮೊಣಕಾಲು?” ಎಂದಳು. ಅವರು “ಅದೂ ಆರಾಮ ಐತ್ರಿ” ಎನ್ನುತ್ತ ಇವಳ ಕೈಯನ್ನು ‘ಸಂಪೂರ್ಣ ಗುಣ’ ಎಂದು ಬರೆದುಕೊಂಡರು. ಅವರ ತಾಯಿಯನ್ನು ಕುರ್ಚಿಸಮೇತ ಎತ್ತಿ ಒಳಗೆ ಒಯ್ಯುತ್ತಿದ್ದುದು ಕಿಟಕಿಯಲ್ಲಿ ಕಾಣುತ್ತಿತ್ತು. ಸವದತ್ತಿ ಬಸ್ಸು ಹತ್ತುವಾಗ ಇವಳಿಗೆ ಸರಳು ಹಿಡಿಯಲಾಗದೆ ಕಂಡಕ್ಟರ ರಟ್ಟೆ ಹಿಡಿದು ಎತ್ತಿದ. ನಿಜ ಹೇಳಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ, “ಅಷ್ಟು ಕಾಳಜಿಲೆ ಕೇಳಿದವರಿಗೆ ನೂಸ್ತದ ಅಂತ ಮಾರಿಮ್ಯಾಲೆ ಹ್ಯಾಂಗ ಹೇಳೂದು?” ಎಂದಳು.

ಮಾನ್ಯರೇ, ನಮ್ಮ ಕಡೆ ‘ಆರಾಮ?’ ಎಂಬುದಕ್ಕೆ ಉತ್ತರ ಒಂದೇ. ಸತ್ತವರ ಮನೆಯಲ್ಲೂ ಅದೇ. ಕೇಳಿದವರಿಗೆ ನೋವನ್ನು ಕೊಡುವುದೆಂದರೆ ಅತಿಥಿಯ ಮುಂದೆ ಎಂಜಲು ತಟ್ಟೆ ಇಟ್ಟಂತೆ. ಯೋಚಿಸಿದರೆ, ನಾನೂ ಬೇರೆ ಉತ್ತರ ಕೊಟ್ಟ ನೆನಪಿಲ್ಲ.

ತಮ್ಮ ಲೇಖನದಿಂದ ಹುರುಪುಗೊಂಡ ಡಾಕ್ಟರು ಬರುವ ಸೋಮವಾರ ಅವಳ ಎಡಗೈಯನ್ನೂ ಕೊಯ್ಯಲಿದ್ದಾರೆ. ಅದಕ್ಕೂ ಜೋಮು ಹಿಡಿಯುತ್ತದೆ, ನಿಜ. ಆದರೆ ಈಗ ಮನೆಯಲ್ಲಿ ರೊಟ್ಟಿ ಬಡಿಯುವುದು ಆ ಕೈಯೊಂದೇ. ಬಲಗೈ ಇನ್ನೂ ಹಾಗೇ ಇದೆ ಎಂದು ನಾನು ಹೇಳಹೋದರೆ, ಅವರು ತಮ್ಮ ಪತ್ರಿಕೆ ತೆರೆದು ಬೆರಳಿಟ್ಟು ತೋರಿಸಿದರು. ಅಚ್ಚಾದ ಕೈಯ ಮುಂದೆ ಮನೆಯ ಕೈ ಏನು ಸಾಕ್ಷಿ ಹೇಳೀತು?

ಆದ್ದರಿಂದ ವಿನಂತಿ: ದಯಮಾಡಿ ಒಬ್ಬ ಅಮೆರಿಕದ ರೋಗಿಯನ್ನು ಬೈಲಹೊಂಗಲಕ್ಕೆ ಕಳಿಸಿ, ಡಾಕ್ಟರು ಕೇಳಿದಾಗ ನಮ್ಮವರ ಪರವಾಗಿ ಅವನು ಗೊಣಗಲಿ. ಅದಾಗದಿದ್ದರೆ ತಾವೇ ಬಂದು ನಮ್ಮ ಒಲೆಯ ಮುಂದೆ ಕುಳಿತು, ಏನನ್ನೂ ಕೇಳದೆ, ರೊಟ್ಟಿ ಬಡಿಯುವುದನ್ನು ನೋಡಿ. ರೊಟ್ಟಿಯ ಒಂದು ಅಂಚು ಈಚೆಗೆ ದಪ್ಪವಿರುತ್ತದೆ. ಅದನ್ನು ತಮ್ಮ ಕೋಷ್ಟಕದಲ್ಲಿ ಎಲ್ಲಿ ಸೇರಿಸುವಿರೋ ತಿಳಿಯುವ ಕುತೂಹಲವಿದೆ.

ಒಣ ಹವೆಯಲ್ಲಿ ಕ್ಷೇಮವಾಗಿರುವ,
ತಮ್ಮ ವಿಶ್ವಾಸಿ,
ತ್ರ್ಯಂಬಕ ವೆಂಕಣ್ಣ ಮನೋಳಿ

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲೇ ಸೋಮವಾರ ಬಂತು. ಡಾಕ್ಟರು “ಎಡಗೈ ಹ್ಯಾಂಗೈತ್ರಿ?” ಎಂದರು. ಮಥುರಾಬಾಯಿ ಜೋಮು ಹಿಡಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಅದೂ ಆರಾಮ ಆಗೇದರಿ” ಎಂದಳು. ಶಸ್ತ್ರಕ್ರಿಯೆ ರದ್ದಾಯಿತು. ಬಲಗೈ ಕೊಯ್ದರೆ ಎಡಗೈ ತಾನೇ ಗುಣವಾಗುತ್ತದೆಂಬ ಹೊಸ ಲೇಖನ ಸದ್ಯದಲ್ಲೇ ತಮ್ಮನ್ನು ತಲುಪಲಿದೆ, ಜಾಗ ಕಾದಿರಿಸಿ.